ಸರ್ಕಾರಿ ಖರೀದಿ ಮತ್ತು ವಿದೇಶಿ ಸರಬರಾಜುದಾರ: ಒಂದು ಅಧ್ಯಯನ ಟಿಪ್ಪಣಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್ ಇದೆ; ಅದೇ ಊರಿನಲ್ಲಿ ರಾಜ್ಯ ಸರ್ಕಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಎರಡೂ ಕಡೆ ಒಂದೇ ಬಗೆಯ ಯುಪಿಎಸ್‌ಗೆ ಟೆಂಡರ್ ಕರೆದರು ಎಂದಿಟ್ಟುಕೊಳ್ಳೋಣ. ಮೊದಲನೆಯದು ಕೇಂದ್ರದ ಸಂಸ್ಥೆಯಾದ್ದರಿಂದ 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು ಸ್ಥಳೀಯ ಸರಕಿಗೆ ಆದ್ಯತೆ ಕೊಡುವ, ಅದೇ ವರ್ಷದ ಮೇಕ್ ಇನ್ ಇಂಡಿಯಾ ಖರೀದಿ ಆದೇಶ ಅಲ್ಲಿಗೆ ಅನ್ವಯಿಸುತ್ತವೆ; ಎರಡನೆಯದರಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ಕಾಯ್ದೆಯಂತೆ ಟೆಂಡರ್ ಪ್ರಕ್ರಿಯೆ ನಡೆಯುತ್ತದೆ. ಹಾಗಾಗಿ ವಿದೇಶಿ ಕಂಪನಿಗೆ ಅವಕಾಶ ಉಂಟೇ ಎಂಬ ಪ್ರಶ್ನೆ ಬಂದಾಗ, ಕೊಳ್ಳುವವರು ಯಾರು, ಹಣ ಯಾರದು ಎಂಬುದನ್ನು ಮೊದಲು ನೋಡಬೇಕು. ಹಣದ ಮಾತು ಏಕೆಂದರೆ, ಕೇಂದ್ರದ ನೆರವಿರುವ ಯೋಜನೆಯಡಿ, ಉದಾಹರಣೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ, ರಾಜ್ಯದ ಆಸ್ಪತ್ರೆ ಖರೀದಿಸಿದರೂ ಮೇಕ್ ಇನ್ ಇಂಡಿಯಾ ಆದೇಶದ ವ್ಯಾಪ್ತಿಗೆ ಬರುತ್ತದೆ.

ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳು ಸ್ಥಳೀಯರಿಗೆ ಕೊಡುವ ಈ ಆದ್ಯತೆಗೆ ಅಡ್ಡಿಯಾಗುವುದಿಲ್ಲವೇ ಎಂದು ಕೇಳಬಹುದು. ಸುಂಕ ಮತ್ತು ವ್ಯಾಪಾರ ಕುರಿತ 1947ರ ಗ್ಯಾಟ್ ಒಪ್ಪಂದದ 3ನೇ ವಿಧಿಯ 8(ಎ) ಉಪವಿಧಿ, ಸರ್ಕಾರ ತನ್ನ ಬಳಕೆಗೆ ಮಾಡುವ ಖರೀದಿಯನ್ನು, ವಿದೇಶಿ ಸರಕನ್ನೂ ದೇಶೀಯ ಸರಕಿನಂತೆಯೇ ಕಾಣಬೇಕೆಂಬ ಸಮಾನ ನಡವಳಿಕೆಯ ಕಟ್ಟುಪಾಡಿನಿಂದ ಹೊರಗಿಟ್ಟಿದೆ. ಆ ಕೊರತೆ ತುಂಬಲು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸರ್ಕಾರಿ ಖರೀದಿ ಒಪ್ಪಂದ ಎಂಬ ಪ್ರತ್ಯೇಕ ಒಡಂಬಡಿಕೆ ಇದ್ದರೂ ಅದಕ್ಕೆ ಸಹಿ ಹಾಕಿದವರಷ್ಟೇ ಬದ್ಧರು. ಭಾರತ 2010ರಿಂದ ಅಲ್ಲಿ ವೀಕ್ಷಕ ಮಾತ್ರ. ಹಾಗೆಂದು ಈ ವಿನಾಯಿತಿಗೆ ಮಿತಿಯಿಲ್ಲವೆಂದು ತಿಳಿಯಬಾರದು. ಸೌರವಿದ್ಯುತ್ ಉತ್ಪಾದಕರು ದೇಶೀಯ ಸೌರಕೋಶಗಳನ್ನೇ ಬಳಸಬೇಕೆಂಬ ಷರತ್ತಿನ ಮೇಲೆ ಅಮೆರಿಕ ಹೂಡಿದ ವ್ಯಾಜ್ಯದಲ್ಲಿ ಭಾರತ 2016ರಲ್ಲಿ ಸೋತಿತು. ಸರ್ಕಾರ ಕೊಳ್ಳುತ್ತಿದ್ದದ್ದು ವಿದ್ಯುತ್ತನ್ನು, ತಾರತಮ್ಯಕ್ಕೆ ಒಳಗಾದದ್ದು ಸೌರಕೋಶ. ಕೊಳ್ಳದ ವಸ್ತುವಿಗೆ ಖರೀದಿಯ ವಿನಾಯಿತಿ ಸಲ್ಲದು ಎಂಬುದೇ ಅಲ್ಲಿನ ತರ್ಕ. ಪರೀಕ್ಷೆಯ ದೃಷ್ಟಿಯಿಂದ ಈ ಒಂದು ಪ್ರಕರಣವನ್ನು ಚೆನ್ನಾಗಿ ಓದಿಕೊಂಡರೆ ವಿಧಿಯ ಅರ್ಥ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ಓದಿನ ಗುಂಪಿನಲ್ಲಿ ಹೆಚ್ಚು ಮಂದಿ ಎಡವಿದ್ದು ‘ಸ್ಥಳೀಯ’ ಎಂಬ ಪದದಲ್ಲಿ. ಮೇಕ್ ಇನ್ ಇಂಡಿಯಾ ಆದೇಶ ಕಂಪನಿಯ ವಿಳಾಸವನ್ನಲ್ಲ, ಸರಕಿನೊಳಗಿನ ಸ್ಥಳೀಯ ಮೌಲ್ಯವನ್ನು ಅಳೆಯುತ್ತದೆ. 2020ರ ಸೆಪ್ಟೆಂಬರ್ ಪರಿಷ್ಕರಣೆಯಂತೆ ಸಾಮಾನ್ಯವಾಗಿ ಶೇ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದನೇ ದರ್ಜೆಯ ಸ್ಥಳೀಯ ಸರಬರಾಜುದಾರ, ಶೇ 20ರಿಂದ 50ರೊಳಗೆ ಇದ್ದರೆ ಎರಡನೇ ದರ್ಜೆ, ಅದಕ್ಕೂ ಕಡಿಮೆಯಾದರೆ ಸ್ಥಳೀಯೇತರ. ಒಂದು ಲೆಕ್ಕ ಹಾಕೋಣ. ತೆರಿಗೆ ಬಿಟ್ಟು 40 ಲಕ್ಷ ರೂಪಾಯಿಯ ಯಂತ್ರವೊಂದರಲ್ಲಿ ಆಮದು ಭಾಗಗಳ ಬೆಲೆ, ಸುಂಕವೂ ಸೇರಿ, 26 ಲಕ್ಷ. ಉಳಿದ 14 ಲಕ್ಷವೆಂದರೆ ಶೇ 35. ಎರಡನೇ ದರ್ಜೆ ಸಿಕ್ಕಿತು ಎನಿಸುತ್ತದೆ. ಆದರೆ ಆ 14 ಲಕ್ಷದಲ್ಲಿ 7 ಲಕ್ಷ ಸಾಗಣೆ, ವಿಮೆ, ಅಳವಡಿಕೆ, ತರಬೇತಿಗಳದ್ದಾಗಿದ್ದರೆ ಅದನ್ನು ಸ್ಥಳೀಯ ಮೌಲ್ಯವೆಂದು ತೋರಿಸುವಂತಿಲ್ಲ. ಮಿಕ್ಕದ್ದು ಶೇ 17.5. ಬೆಂಗಳೂರಿನಲ್ಲಿ ನೋಂದಣಿಯಾದ, ಇಲ್ಲಿಯವರೇ ನಡೆಸುವ ಕಂಪನಿಯಾದರೂ ಅದು ಸ್ಥಳೀಯೇತರವೇ; ಇಲ್ಲಿಯೇ ಕಾರ್ಖಾನೆ ಹಾಕಿ ಅರ್ಧಕ್ಕಿಂತ ಹೆಚ್ಚು ಮೌಲ್ಯ ಸೇರಿಸುವ ಕಂಪನಿ ವಿದೇಶಿ ಒಡೆತನದ್ದಾದರೂ ಒಂದನೇ ದರ್ಜೆಗೆ ಸೇರುತ್ತದೆ.

ಸ್ಥಳೀಯೇತರರು ವಿದೇಶಿಯರಿಗೂ ತೆರೆದಿರುವ ಜಾಗತಿಕ ಟೆಂಡರಿನಲ್ಲಿ ಮಾತ್ರ ಭಾಗವಹಿಸಬಹುದು. 200 ಕೋಟಿ ರೂಪಾಯಿವರೆಗಿನ ಖರೀದಿಗೆ ವಿಶೇಷ ಅನುಮೋದನೆಯಿಲ್ಲದೆ ಜಾಗತಿಕ ಟೆಂಡರ್ ಕರೆಯುವಂತಿಲ್ಲ. ಜಿಲ್ಲಾ ಕೇಂದ್ರವೊಂದರ ಖರೀದಿಗಳ ಮೊತ್ತವನ್ನು ನೆನೆದರೆ, ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ ಎನ್ನಬೇಕು.

ಬೆಲೆಯ ವಿಷಯದಲ್ಲೂ ಒಂದನೇ ದರ್ಜೆಗೆ ಮೇಲುಗೈ ಇದೆ. ಹಲವು ಸರಬರಾಜುದಾರರಿಗೆ ಬಿಡಿಯಾಗಿ ಹಂಚಲಾಗದ ಖರೀದಿಯಲ್ಲಿ ಅತಿ ಕಡಿಮೆ ದರ, ಅಂದರೆ ಎಲ್-1, ಎರಡನೇ ದರ್ಜೆಯವರ 100 ಲಕ್ಷವಾಗಿದ್ದು ಒಂದನೇ ದರ್ಜೆಯವರು 115 ಲಕ್ಷ ನಮೂದಿಸಿದ್ದರೆ, ವ್ಯತ್ಯಾಸ ಶೇ 20ರೊಳಗಿರುವುದರಿಂದ ಅವರಿಗೆ 100 ಲಕ್ಷಕ್ಕೆ ಇಳಿಯುವ ಅವಕಾಶ ಕೊಡಬೇಕು. ಒಪ್ಪಿದರೆ ಕಾರ್ಯಾದೇಶ ಅವರದೇ. ಸರ್ಕಾರ ಹೆಚ್ಚು ಹಣ ಕೊಡುತ್ತದೆ ಎಂದು ಇದನ್ನು ವಿವರಿಸುವವರಿದ್ದಾರೆ. ಅದು ತಪ್ಪು, ಕೊಡುವುದು ಎಲ್-1 ದರವನ್ನೇ.

ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್‌ದಾರರಿಗೆ ದೇಶದ ಭದ್ರತೆಯ ಕಾರಣದಿಂದ 2020ರ ಜುಲೈನಲ್ಲಿ ಪೂರ್ವ ನೋಂದಣಿ ಕಡ್ಡಾಯವಾಯಿತು. ರಾಜ್ಯಗಳಿಗೆ ನಿರ್ದೇಶನ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುವ ಸಂವಿಧಾನದ 257(1)ನೇ ವಿಧಿಯ ಬಲದಿಂದ ಕೇಂದ್ರ ಇದನ್ನು ರಾಜ್ಯಗಳಿಗೂ ವಿಸ್ತರಿಸಿತು.

ಇತ್ತೀಚಿನ ವ್ಯಾಪಾರ ಒಪ್ಪಂದಗಳು ಈ ಚಿತ್ರವನ್ನು ಸ್ವಲ್ಪ ಬದಲಿಸಿವೆ. 2022ರ ಮೇ 1ರಂದು ಜಾರಿಗೆ ಬಂದ ಯುಎಇ ಒಪ್ಪಂದದಲ್ಲಿ ಸರ್ಕಾರಿ ಖರೀದಿಯ ಅಧ್ಯಾಯವಿದೆ. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಂತೆ, ಸರಕಿನಲ್ಲಿ ಕನಿಷ್ಠ ಶೇ 20ರಷ್ಟು ಬ್ರಿಟಿಷ್ ಮೌಲ್ಯವಿದ್ದರೆ ಆ ದೇಶದ ಸರಬರಾಜುದಾರನನ್ನು ಎರಡನೇ ದರ್ಜೆಯವನೆಂದು ಪರಿಗಣಿಸಬೇಕು. ಇದು ಒಪ್ಪಂದದ ಪಟ್ಟಿಯಲ್ಲಿರುವ ಕೇಂದ್ರ ಸಂಸ್ಥೆಗಳ ಖರೀದಿಗಷ್ಟೇ ಸೀಮಿತ. ಹಾಸನದ ಆಸ್ಪತ್ರೆಯಂಥ ರಾಜ್ಯದ ಸಂಸ್ಥೆ ಇದರ ಹೊರಗೆ. ಪಟ್ಟಿಯಲ್ಲಿರುವ ಸಂಸ್ಥೆಯಲ್ಲೂ ಆತನಿಗೆ ದೊರೆಯುವುದು ಸ್ಪರ್ಧಿಸುವ ಹಕ್ಕು ಮಾತ್ರ: 100 ಲಕ್ಷದ ದರದಿಂದ ಎಲ್-1 ಆಗಿ ನಿಂತರೂ, 115 ಲಕ್ಷ ನಮೂದಿಸಿದ ಒಂದನೇ ದರ್ಜೆಯವರು ದರ ಇಳಿಸಲು ಒಪ್ಪಿದರೆ ಆತನ ಕೈಯಿಂದ ಟೆಂಡರ್ ಜಾರುತ್ತದೆ.