ತುಪ್ಪಳದ ವ್ಯಾಪಾರಕ್ಕೆ ಕೋಟೆ ಏಕೆ ಬೇಕಿತ್ತು?

ಪ್ರಶ್ನೆ: ಅಮೆರಿಕದ ಪೋರ್ಟ್‌ಲ್ಯಾಂಡ್‌ಗೆ ಹೋಗಿದ್ದಾಗ ಕೊಲಂಬಿಯಾ ನದಿಯ ಆಚೆ ದಡದ ಫೋರ್ಟ್ ವ್ಯಾಂಕೂವರ್ ನೋಡಿದೆವು. ಅಲ್ಲಿ ಯಾವ ಯುದ್ಧವೂ ನಡೆಯಲಿಲ್ಲವಂತೆ. ಪ್ರಾಣಿಗಳ ತುಪ್ಪಳ ಕೊಂಡು ಮಾರುವ ಕಂಪನಿಗೆ ಕೋಟೆಯ ಅಗತ್ಯವೇನಿತ್ತು?

ಉತ್ತರ: ಕೋಟೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಚಿತ್ರದುರ್ಗದ ಏಳು ಸುತ್ತುಗಳು ಬರುವುದರಿಂದ ಈ ಸಂದೇಹ ಸಹಜವಾದದ್ದು. ಆದರೆ ಫೋರ್ಟ್ ವ್ಯಾಂಕೂವರನ್ನು ಕಟ್ಟಿದ್ದು ಅರಸನೂ ಅಲ್ಲ, ಸೇನೆಯೂ ಅಲ್ಲ. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನಿಂದ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ. ಕೋಟೆಯ ಮುಖ್ಯಾಧಿಕಾರಿಯ ಹುದ್ದೆಯ ಹೆಸರು 'ಚೀಫ್ ಫ್ಯಾಕ್ಟರ್'. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಮೆಣಸಿಗಾಗಿ ತೆರೆದ ಕೋಠಿಯನ್ನು 'ಫ್ಯಾಕ್ಟರಿ' ಎಂದು ಕರೆದದ್ದೂ ಇದೇ ಪದದಿಂದ. ಹಾಗಾಗಿ ಇದನ್ನು ದುರ್ಗವೆಂದು ನೋಡುವುದಕ್ಕಿಂತ ಗೋಡೆ ಕಟ್ಟಿಕೊಂಡ ಕೋಠಿಯೆಂದು ನೋಡಿದರೆ ಅನೇಕ ಸಂಗತಿಗಳು ತಾವಾಗಿ ತಿಳಿಯಾಗುತ್ತವೆ.

ವ್ಯಾಪಾರದ ಸರಕು ಮುಖ್ಯವಾಗಿ ಬೀವರ್ ಎಂಬ ಪ್ರಾಣಿಯ ಚರ್ಮ. ಇದು ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿ ಕಾಣುವ ನೀರುನಾಯಿಯಲ್ಲ. ಮರಗಳನ್ನು ಕಡಿದು ಹೊಳೆಗೆ ಒಡ್ಡು ಕಟ್ಟುವ, ಇಲಿ-ಅಳಿಲುಗಳ ಗುಂಪಿಗೆ ಸೇರಿದ ದಂಶಕ. ಅದರ ಒರಟು ಕೂದಲಿನ ಕೆಳಗಿರುವ ನವಿರಾದ ಉಣ್ಣೆಯ ಎಳೆಗಳಲ್ಲಿ ಸೂಕ್ಷ್ಮವಾದ ಮುಳ್ಳುಗಳಿರುವುದರಿಂದ, ಬಿಸಿ ಮತ್ತು ತೇವದಲ್ಲಿ ಒತ್ತಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು, ನೇಯುವ ಗೋಜಿಲ್ಲದೆಯೇ ಗಟ್ಟಿಯಾದ ಫೆಲ್ಟ್ ಆಗುತ್ತವೆ. ಯುರೋಪಿನ ಶ್ರೀಮಂತರ ಟೋಪಿಗಳು ತಯಾರಾಗುತ್ತಿದ್ದುದು ಇದರಿಂದಲೇ.

1821ರಲ್ಲಿ ತನ್ನ ಪ್ರತಿಸ್ಪರ್ಧಿಯಾದ ನಾರ್ತ್ ವೆಸ್ಟ್ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡ ಹಡ್ಸನ್ಸ್ ಬೇ ಕಂಪನಿಗೆ, ಕೊಲಂಬಿಯಾ ನದೀಮುಖದಲ್ಲಿದ್ದ ಫೋರ್ಟ್ ಜಾರ್ಜ್ ಎಂಬ ಠಾಣ್ಯವೂ ದಕ್ಕಿತು. ಅದು ನದಿಯ ದಕ್ಷಿಣ ದಡದಲ್ಲಿತ್ತು. ಮುಂದೊಂದು ದಿನ ಬ್ರಿಟನ್ ಮತ್ತು ಅಮೆರಿಕದ ನಡುವೆ ಗಡಿ ಗುರುತಿಸುವಾಗ ಉತ್ತರ ದಡವಾದರೂ ಬ್ರಿಟನ್ನಿಗೆ ಉಳಿಯಬಹುದೆಂಬ ಲೆಕ್ಕದಲ್ಲಿ ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್ 1824–25ರ ಚಳಿಗಾಲದಲ್ಲಿ ಕೇಂದ್ರವನ್ನು ಸಮುದ್ರದಿಂದ ಸುಮಾರು 160 ಕಿಲೋಮೀಟರ್ ಒಳಗೆ, ಉತ್ತರ ದಡಕ್ಕೆ ಸ್ಥಳಾಂತರಿಸಿದ. ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ಹೆಸರಿಟ್ಟದ್ದರ ಹಿಂದೆಯೂ ಇದೇ ಹಕ್ಕುಸಾಧನೆಯ ಉದ್ದೇಶವಿತ್ತು. (ಕೆನಡಾದ ವ್ಯಾಂಕೂವರ್ ನಗರಕ್ಕೂ ಅವನದೇ ಹೆಸರು; ಈ ಕೋಟೆ ಇರುವುದು ಮಾತ್ರ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ.) ಮೊದಲು ದಿಬ್ಬದ ಮೇಲಿದ್ದ ಕಟ್ಟಡಗಳಿಗೆ ನೀರು, ಸಾಗಣೆ ಎರಡೂ ಕಷ್ಟವಾದ್ದರಿಂದ 1829ರಲ್ಲಿ ಎಲ್ಲವನ್ನೂ ಕೆಳಗಿನ ಬಯಲಿಗೆ ಇಳಿಸಲಾಯಿತು.

ಇನ್ನು ಗೋಡೆಯ ವಿಚಾರ. ಅದಕ್ಕೆ ಕಲ್ಲೂ ಇರಲಿಲ್ಲ, ಸುತ್ತ ಕಂದಕವೂ ಇರಲಿಲ್ಲ. ಸುಮಾರು 15 ಅಡಿ ಎತ್ತರದ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟ ಬೇಲಿ ಅದು. ಮಳೆನಾಡಿನ ಹಸಿ ಮಣ್ಣಿನಲ್ಲಿ ಬುಡ ಕೊಳೆತಂತೆಲ್ಲ ಬದಲಾಯಿಸಬೇಕಾಗುತ್ತಿತ್ತು. ಅದರೊಳಗೆ ಕಾಪಾಡಬೇಕಾಗಿದ್ದುದು ಉಗ್ರಾಣಗಳನ್ನು. ಲಂಡನ್ನಿನಿಂದ ಹಡಗು ವರ್ಷಕ್ಕೊಮ್ಮೆ, ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿ ಬರುತ್ತಿತ್ತು. ಬರೆದು ಕಳುಹಿಸಿದ ಬೇಡಿಕೆ ಸರಕಾಗಿ ಕೈಸೇರಲು ಎರಡು ವರ್ಷಗಳೇ ಹಿಡಿಯುತ್ತಿದ್ದವು. ಕಂಬಳಿ, ಬಂದೂಕು, ಪಾತ್ರೆ, ಮಣಿ ಇವುಗಳನ್ನು ಕೊಟ್ಟೇ ಚರ್ಮವನ್ನು ಪಡೆಯಬೇಕಾಗಿದ್ದರಿಂದ, ಸರಕು ಮುಗಿದರೆ ವ್ಯಾಪಾರವೂ ನಿಂತಂತೆ. 1829ರಲ್ಲಿ 'ವಿಲಿಯಂ ಆಂಡ್ ಆನ್' ಎಂಬ ಹಡಗು ನದೀಮುಖದ ಮರಳುದಿಬ್ಬಕ್ಕೆ ಬಡಿದು ಅದರಲ್ಲಿದ್ದವರೆಲ್ಲರೂ ಸತ್ತರು. ಮರುವರ್ಷವೇ 'ಇಸಬೆಲ್ಲಾ' ಅಲ್ಲಿಯೇ ಒಡೆಯಿತು. ಇಂಥ ನಷ್ಟವನ್ನು ತಾಳಿಕೊಳ್ಳಲೆಂದೇ ಕಂಪನಿ ಒಂದು ವರ್ಷಕ್ಕೆ ಸಾಲುವ ದಾಸ್ತಾನನ್ನು ಸದಾ ಮುಂಗಡವಾಗಿ ಇಟ್ಟುಕೊಂಡಿರುತ್ತಿತ್ತು. ನನ್ನ ದೃಷ್ಟಿಯಲ್ಲಿ ಆ ಬೇಲಿಯನ್ನು ವಿವರಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಾಗಾದರೆ ಮೂಲೆಯಲ್ಲಿರುವ ಕೊತ್ತಲ? ಅದನ್ನು ಕಟ್ಟಿದ್ದು 1845ರಲ್ಲಿ, ಕೋಟೆಗೆ ಇಪ್ಪತ್ತು ವರ್ಷ ತುಂಬಿದ ಮೇಲೆ. ಆ ಹೊತ್ತಿಗೆ ಪೂರ್ವದಿಂದ ಪಶ್ಚಿಮಕ್ಕೆ ಬರುವ ಒರೆಗಾನ್ ಹಾದಿ ಹಿಡಿದು ಅಮೆರಿಕನ್ ವಲಸಿಗರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದರು, ಗಡಿಯ ಜಗಳ ಬಿಸಿಯೇರಿತ್ತು. ಕಂಪನಿ ಫಿರಂಗಿಯ ಆಸರೆ ಬಯಸಿದ್ದು ಬಹುಮಟ್ಟಿಗೆ ತನ್ನಂತೆಯೇ ಹೊರಗಿನಿಂದ ಬಂದವರ ಭಯದಿಂದ ಎಂಬುದು ಗಮನಿಸತಕ್ಕ ಮಾತು.

ಬೇಲಿಯೊಳಗೆ ವಾಸವಿದ್ದವರು ಅಧಿಕಾರಿಗಳು ಮತ್ತು ಗುಮಾಸ್ತರು. ದುಡಿಯುವ ಜನ ಹೊರಗಿನ ಹಳ್ಳಿಯಲ್ಲಿದ್ದರು: ಹವಾಯಿ ದ್ವೀಪದವರು, ಫ್ರೆಂಚ್ ಕೆನಡಿಯನ್ನರು, ಸ್ಕಾಟ್‌ಲ್ಯಾಂಡಿನ ಆರ್ಕ್ನಿ ದ್ವೀಪದವರು, ಇರಾಕ್ವಾ ಮತ್ತು ಕ್ರೀ ಎಂಬ ಮೂಲನಿವಾಸಿ ಜನ, ಜೊತೆಗೆ ಸುತ್ತಲಿನ ಹಲವು ಬುಡಕಟ್ಟುಗಳ ಹೆಣ್ಣುಮಕ್ಕಳು. ಇಷ್ಟು ಭಾಷೆಗಳ ನಡುವೆ ವ್ಯವಹಾರ ಸಾಗುತ್ತಿದ್ದುದು ಚಿನೂಕ್ ಜಾರ್ಗನ್ ಎಂಬ ಬೆರಕೆ ನುಡಿಯಲ್ಲಿ. ಗೋಧಿ ಬೆಳೆದವರು, ಮರ ಕೊಯ್ದವರು, ಸಾಲ್ಮನ್ ಮೀನಿಗೆ ಉಪ್ಪು ಹಾಕಿದವರು ಇವರೇ. 1830ರಲ್ಲಿ ಈ ಪ್ರದೇಶಕ್ಕೆ ಕಾಲಿಟ್ಟ ಮಲೇರಿಯಾ ಕೆಲವೇ ವರ್ಷಗಳಲ್ಲಿ ಕೆಳ ಕೊಲಂಬಿಯಾದ ಚಿನೂಕ್ ಮತ್ತು ಅದರ ದಕ್ಷಿಣಕ್ಕಿರುವ ವಿಲಮೆಟ್ ಕಣಿವೆಯ ಕಲಪೂಯ ಜನರಲ್ಲಿ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಯಾವ ಫಿರಂಗಿಯೂ ಮಾಡದಷ್ಟು ಹಾನಿಯನ್ನು ಹಡಗುಗಳೊಂದಿಗೆ ಬಂದ ಜ್ವರ ಮಾಡಿತು.

ಅಮೆರಿಕನ್ನರನ್ನು ತಡೆಯಲು ಕಂಪನಿ ನಿಜವಾಗಿ ಬಳಸಿದ ಅಸ್ತ್ರವೇ ಬೇರೆ. ಪೀಟರ್ ಸ್ಕೀನ್ ಆಗ್ಡೆನ್‌ನಂಥವರ ತಂಡಗಳನ್ನು ಪೂರ್ವದ ಸ್ನೇಕ್ ನದಿಯ ಸೀಮೆಗೆ ಕಳುಹಿಸಿ, ಅಲ್ಲಿ ಬೀವರ್‌ನ ಸಂತಾನವೇ ಉಳಿಯದಂತೆ ಬೇಟೆಯಾಡಿಸಿತು. ತುಪ್ಪಳವೇ ಇಲ್ಲದ ನೆಲಕ್ಕೆ ಎದುರಾಳಿ ಬರಲಾರನೆಂಬುದು ಲೆಕ್ಕಾಚಾರ. ಆದರೆ ಬಂದವರು ಬೇಟೆಗಾರರಲ್ಲ, ನೇಗಿಲು ಹಿಡಿದವರು. ಹಸಿದು ಬಂದ ಅವರಿಗೆ ಚೀಫ್ ಫ್ಯಾಕ್ಟರ್ ಜಾನ್ ಮೆಕ್‌ಲಾಕ್ಲಿನ್ ಕಂಪನಿಯ ಉಗ್ರಾಣದಿಂದಲೇ ಸಾಲ ಕೊಟ್ಟ, ಮೇಲಿನವರ ಅಸಮಾಧಾನಕ್ಕೂ ಗುರಿಯಾದ. ಅತ್ತ ಯುರೋಪಿನಲ್ಲಿ ರೇಷ್ಮೆ ಟೋಪಿಯ ಶೋಕಿ ಬಂದು ಬೀವರ್‌ನ ಬೆಲೆ ಕುಸಿಯಿತು. 1846ರ ಒಪ್ಪಂದದಲ್ಲಿ ಗಡಿರೇಖೆ 49ನೆಯ ಅಕ್ಷಾಂಶಕ್ಕೆ ನಿಂತಾಗ, ನದಿಯ ಎರಡೂ ದಡಗಳು ಅಮೆರಿಕಕ್ಕೆ ಹೋದವು. 1849ರಲ್ಲಿ ಅಮೆರಿಕದ ಸೇನೆ ಬಂದು ಪಕ್ಕದ ದಿಬ್ಬದಲ್ಲಿ ನೆಲೆಯೂರಿತು. 1860ರಲ್ಲಿ ಕಂಪನಿ ಜಾಗ ಖಾಲಿ ಮಾಡಿತು. ಉಳಿದ ಕಟ್ಟಡಗಳೂ 1866ರ ಹೊತ್ತಿಗೆ ಬೆಂಕಿಗೆ ಆಹುತಿಯಾದವು.

ನೀವು ಕಂಡ ಬೇಲಿ, ಕೊತ್ತಲ, ಮೆಕ್‌ಲಾಕ್ಲಿನ್‌ನ ಮನೆ ಎಲ್ಲವೂ 1966ರಿಂದೀಚೆಗೆ ಮತ್ತೆ ಕಟ್ಟಿದವು. ಬೇಲಿ ನಿಂತಿದ್ದ ಜಾಗವನ್ನು ಗುರುತಿಸಲು 1947ರಲ್ಲಿ ಆರಂಭವಾದ ಉತ್ಖನನಕ್ಕೆ ನೆರವಾದದ್ದು, ಮಣ್ಣಿನೊಳಗೆ ಉಳಿದಿದ್ದ ಆ ಕೊಳೆತ ದಿಮ್ಮಿಗಳ ಬುಡಗಳೇ.