ಎಂಜಿನ್‌ನಿಂದ ಬ್ಯಾಟರಿಗೆ ಮರಳುವ ದಾರಿ

ಸ್ವತಃ ಕಾರು ಕಟ್ಟಿದ ಒಬ್ಬರು ಕೆಲವು ವರ್ಷಗಳ ಹಿಂದೆ ನನ್ನ ವರ್ಕ್‌ಶಾಪಿಗೆ ಬಂದಿದ್ದರು. ಅವರ ಕಾರಿನ ಸ್ಟಾರ್ಟರ್, ಅಂದರೆ ಎಂಜಿನನ್ನು ಚಾಲೂ ಮಾಡಲು ತಿರುಗಿಸುವ ಮೋಟಾರು, ಬಹಳ ನಿಧಾನವಾಗಿ ತಿರುಗುತ್ತಿತ್ತು. ನಾಲ್ಕೈದು ಸಲ ಪ್ರಯತ್ನಿಸುವಷ್ಟರಲ್ಲಿ ಕ್ಲಚ್ ಕೇಬಲ್ ಕೈಯಿಡಲಾಗದಷ್ಟು ಬಿಸಿಯಾಗಿ, ಅದರ ಪ್ಲಾಸ್ಟಿಕ್ ಹೊದಿಕೆ ಕರಗತೊಡಗುತ್ತಿತ್ತು. ಬ್ಯಾಟರಿಯನ್ನೂ ಸ್ಟಾರ್ಟರನ್ನೂ ಆಗಲೇ ಬದಲಿಸಿದ್ದರು. ನೋಡಿದರೆ ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ (ಕಾರಿನ ಲೋಹದ ಚೌಕಟ್ಟಿಗೆ) ಭದ್ರವಾಗಿಯೇ ಇತ್ತು, ಆದರೆ ಚಾಸಿಗೂ ಎಂಜಿನ್‌ಗೂ ನಡುವೆ ಒಂದು ತಂತಿಯೂ ಇರಲಿಲ್ಲ.

ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ, ಹಾಗಾಗಿ ವಿದ್ಯುತ್ತಿನ ಮಟ್ಟಿಗೆ ಅದು ಚಾಸಿಯಿಂದ ಬೇರೆಯಾದ ವಸ್ತು. ಸಾಮಾನ್ಯವಾಗಿ ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲ್ ಒಂದೇ. ಮರಳುವ ಕರೆಂಟು ಸ್ಟಾರ್ಟರಿನ ಲೋಹದ ಮೈಯಿಂದ ಎಂಜಿನ್ ಬ್ಲಾಕಿಗೆ ಬಂದು, ಅಲ್ಲಿಂದ ಬ್ಯಾಟರಿಯನ್ನು ಸೇರಬೇಕು. ಸಣ್ಣ ಕಾರಿನಲ್ಲಿಯೂ ಇದು 100ರಿಂದ 200 ಆಂಪಿಯರ್ ಆಗುತ್ತದೆ. ಇಷ್ಟು ಕರೆಂಟಿಗೆ ತಕ್ಕ ದಾರಿಯನ್ನು ನಾವು ಕೊಡದಿದ್ದರೆ ಅದು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಗೇರ್ ಲಿಂಕೇಜ್ ಎಂದು ಸಿಕ್ಕಿದ್ದರ ಮೂಲಕ ಹರಿಯುತ್ತದೆ. ಲೋಹದ ಹೆಣಿಗೆಯಿರುವ ಪೆಟ್ರೋಲ್ ಪೈಪು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಅದೇ.

ಆದ್ದರಿಂದ ಬ್ಯಾಟರಿಯ ನೆಗೆಟಿವ್ ಕೇಬಲ್ಲನ್ನು ನಾನು ನೇರವಾಗಿ ಎಂಜಿನ್ ಬ್ಲಾಕಿಗೆ, ಸಾಧ್ಯವಾದರೆ ಸ್ಟಾರ್ಟರಿಗೆ ಹತ್ತಿರದ ಬೋಲ್ಟಿಗೆ ಬಿಗಿಯುತ್ತೇನೆ. ಲೈಟುಗಳು, ಪೆಟ್ರೋಲ್ ಪಂಪು ಮುಂತಾದವುಗಳ ಕರೆಂಟು ಚಾಸಿಯಿಂದ ಮರಳಲು ಎಂಜಿನ್‌ನಿಂದ ಚಾಸಿಗೆ ಇನ್ನೊಂದು ಹೆಣೆದ ಪಟ್ಟಿ ಬೇಕು. ಎಂಜಿನ್ ಅಲುಗಾಡುವುದರಿಂದ ಅದನ್ನು ಸ್ವಲ್ಪ ಸಡಿಲವಾಗಿ ಬಿಡಬೇಕು. ಫೈಬರ್‌ಗ್ಲಾಸ್ ಬಾಡಿಯಾದರೆ ಪ್ರತಿಯೊಂದು ಲೈಟಿಗೂ ಪ್ರತ್ಯೇಕ ಅರ್ತ್ ತಂತಿಯೇ (ಕರೆಂಟು ಮರಳುವ ತಂತಿಯೇ) ಆಗಬೇಕು, ಏಕೆಂದರೆ ಆ ಬಾಡಿಯಲ್ಲಿ ಕರೆಂಟು ಹರಿಯುವುದಿಲ್ಲ.

ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಡುವವರು ಕೇಬಲ್ಲಿನ ದಪ್ಪವನ್ನು ಲೆಕ್ಕ ಹಾಕಿಯೇ ಆರಿಸಬೇಕು. 35 ಚದರ ಮಿಲಿಮೀಟರ್ ತಾಮ್ರದ ಕೇಬಲ್ 4 ಮೀಟರ್ ಉದ್ದವಿದ್ದರೆ ಅದರ ರೋಧ ಸುಮಾರು 2 ಮಿಲಿಓಮ್. 150 ಆಂಪಿಯರ್ ಹರಿದಾಗ ಆ ಒಂದು ಕೇಬಲ್ಲಿನಲ್ಲಿಯೇ 0.3 ವೋಲ್ಟ್ ನಷ್ಟವಾಗುತ್ತದೆ, ಮರಳುವ ಕೇಬಲ್ಲೂ ಅಷ್ಟೇ ಆಗಿದ್ದರೆ ನಷ್ಟ ಇಮ್ಮಡಿಯಾಗುತ್ತದೆ. ಇಂಥಲ್ಲಿ ನಾನು 50 ಚದರ ಮಿಲಿಮೀಟರ್ ಕೇಬಲ್ಲನ್ನೇ ಬಳಸುತ್ತೇನೆ.

ಜೋಡಣೆಯ ಜಾಗದಲ್ಲಿ ಬಣ್ಣವನ್ನೂ ಪೌಡರ್ ಕೋಟಿಂಗನ್ನೂ ಕೆರೆದು, ಹೊಳೆಯುವ ಲೋಹ ಕಾಣಿಸಿದ ಮೇಲೆಯೇ ಲಗ್ (ಕೇಬಲ್ಲಿನ ತುದಿಯ ಲೋಹದ ಬಳೆ) ಕೂರಿಸಬೇಕು. ಬೋಲ್ಟ್ ಬಿಗಿದ ನಂತರ ಮೇಲೆ ಗ್ರೀಸ್ ಸವರಿದರೆ ತುಕ್ಕು ತಡೆಯುತ್ತದೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ ಸೆನ್ಸರ್‌ಗಳ ಅರ್ತ್ ತಂತಿಗಳನ್ನು ಕಾರಿನ ಮೈಗೆ ಜೋಡಿಸದೆ ಇಸಿಯುಗೇ (ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರಿಗೇ) ಮರಳಿಸಬೇಕು. 5 ವೋಲ್ಟಿನಲ್ಲಿ ಕೆಲಸ ಮಾಡುವ ಸೆನ್ಸರಿಗೆ 0.3 ವೋಲ್ಟ್ ಏರುಪೇರೆಂದರೆ ಶೇಕಡಾ 6ರಷ್ಟು ತಪ್ಪು.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆದು, ಸೊನ್ನೆ ಬಂತೆಂದು ತೃಪ್ತರಾಗುವವರನ್ನು ಬಹಳ ನೋಡಿದ್ದೇನೆ. ನೂರಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ಕೇಬಲ್ಲೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಸರಿಯಾದ ಪರೀಕ್ಷೆ ನಡೆಯುವುದು ಸ್ಟಾರ್ಟರ್ ತಿರುಗುತ್ತಿರುವಾಗ. ಎಂಜಿನ್ ಚಾಲೂ ಆಗದಂತೆ ಮೊದಲು ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ತಪ್ಪಿಸಿ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ (ಕ್ಲಾಂಪಿಗಲ್ಲ) ಒತ್ತಿ, ಇನ್ನೊಂದನ್ನು ಸ್ಟಾರ್ಟರಿನ ಮೈಗೆ ತಾಗಿಸಬೇಕು. 0.2 ವೋಲ್ಟಿನೊಳಗೆ ಇದ್ದರೆ ಚೆನ್ನಾಗಿದೆ, 0.5 ದಾಟಿದರೆ ದೋಷ ಖಚಿತ. ಆಗ ಎರಡನೆಯ ಮೊನೆಯನ್ನು ಕ್ಲಾಂಪು, ಲಗ್ಗು, ಬೋಲ್ಟು ಎಂದು ಒಂದೊಂದೇ ಹೆಜ್ಜೆ ಸರಿಸುತ್ತಾ ಹೋದರೆ, ಅಂಕಿ ಎಲ್ಲಿ ಥಟ್ಟನೆ ಏರುತ್ತದೋ ಅಲ್ಲಿಯೇ ದೋಷವಿರುತ್ತದೆ.

ಆ ಕ್ಲಚ್ ಕೇಬಲ್ಲಿನ ಕಾರಿನಲ್ಲಿ ಮೀಟರ್ 3 ವೋಲ್ಟ್ ದಾಟಿತ್ತು. ಬ್ಲಾಕಿಗೆ ನೇರ ಕೇಬಲ್ ಹಾಕಿ ಮತ್ತೆ ಅಳೆದಾಗ 0.15ಕ್ಕೆ ನಿಂತಿತು.