ಶ್ವೇತಭವನ: ಕೆಡವುವ ಮೊದಲು ಕೇಳಬೇಕಾದದ್ದು

1948ರಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮಗಳ ಪಿಯಾನೊದ ಒಂದು ಕಾಲು ಹಲಗೆಯ ನೆಲವನ್ನು ಸೀಳಿಕೊಂಡು ಕೆಳಗಿನ ಊಟದ ಕೋಣೆಯ ಚಾವಣಿಗೆ ಇಳಿಯಿತು. ಅದಕ್ಕೂ ಮೊದಲೇ ಶ್ವೇತಭವನದ ತೂಗುದೀಪಗಳು ಅಲ್ಲಾಡುವುದನ್ನು ಮನೆಯವರು ಗಮನಿಸಿದ್ದರು. ಎಂಜಿನಿಯರುಗಳು ನೆಲ ಬಿಚ್ಚಿ, ಗೋಡೆಯ ಗಾರೆ ಕೆರೆದು ನೋಡಿ, ಇಲ್ಲಿ ಯಾರೂ ವಾಸಿಸಕೂಡದು ಎಂದರು. ನವೆಂಬರಿನಲ್ಲಿ ಅಧ್ಯಕ್ಷರ ಕುಟುಂಬ ರಸ್ತೆಯಾಚೆಗಿನ ಬ್ಲೇರ್ ಹೌಸ್‌ಗೆ ಸ್ಥಳಾಂತರಗೊಂಡಿತು. ಮರಳಿದ್ದು 1952ರ ಮಾರ್ಚ್ 27ರಂದು.

2025ರ ಅಕ್ಟೋಬರ್ 20ರಂದು ಅದೇ ಆವರಣದ ಪೂರ್ವ ಪಾರ್ಶ್ವವನ್ನು, ಅಂದರೆ ಈಸ್ಟ್ ವಿಂಗನ್ನು, ಯಂತ್ರಗಳು ಕೆಡವತೊಡಗಿದವು. ಕೆಲವೇ ದಿನಗಳಲ್ಲಿ ಅದು ನೆಲಸಮವಾಯಿತು. ಆ ಜಾಗದಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸುಮಾರು 90,000 ಚದರ ಅಡಿಯ ಔತಣ ಭವನ ಕಟ್ಟಿಸಲು ಹೊರಟಿದ್ದಾರೆ. ಶ್ವೇತಭವನದ ಮುಖ್ಯ ಮನೆಯ ವಿಸ್ತೀರ್ಣವೇ ಸುಮಾರು 55,000 ಚದರ ಅಡಿ. ಅಂದಿನಿಂದ ಎಲ್ಲ ಕಡೆ ಒಂದೇ ವಾದ: ಟ್ರೂಮನ್ ಕೆಡವಿರಲಿಲ್ಲವೇ? ರೂಸ್‌ವೆಲ್ಟ್ ಕಟ್ಟಿರಲಿಲ್ಲವೇ? ಪ್ರತಿಯೊಬ್ಬ ನಾಯಕನೂ ತನ್ನ ಗುರುತು ಬಿಟ್ಟು ಹೋಗಿಲ್ಲವೇ?

ಹಳೆಯ ಕಟ್ಟಡಗಳ ದುರಸ್ತಿ ನನ್ನ ವೃತ್ತಿ. ಸುಣ್ಣದ ಗಾರೆ, ಮರದ ತೊಲೆ, ಮದರಾಸು ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಚಾವಣಿ) ಇವುಗಳ ನಡುವೆಯೇ ನನ್ನ ದಿನಗಳು ಕಳೆಯುತ್ತವೆ. ಮೇಲಿನ ವಾದ ಕೇಳಿದಾಗ ನನಗೆ ಸುಮ್ಮನಿರಲಾಗುವುದಿಲ್ಲ. ಬದಲಾವಣೆ ಆಗಲೇಬಾರದು ಎಂದು ಈ ವೃತ್ತಿಯಲ್ಲಿ ಯಾರೂ ಹೇಳುವುದಿಲ್ಲ. ಯಾವುದನ್ನು, ಯಾರನ್ನು ಕೇಳಿ, ಯಾವ ಕ್ರಮದಲ್ಲಿ ಬದಲಿಸಿದಿರಿ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಆ ಮನೆ ಏಕೆ ಕುಸಿಯುವ ಹಂತಕ್ಕೆ ಬಂತು ಎಂಬುದನ್ನು ನೋಡೋಣ. ಐರ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಹೋಬನ್ ವಿನ್ಯಾಸ ಮಾಡಿದ ಕಟ್ಟಡಕ್ಕೆ 1792ರ ಅಕ್ಟೋಬರ್ 13ರಂದು ಶಂಕುಸ್ಥಾಪನೆಯಾಯಿತು. ಹೊರಗೋಡೆಗಳು ವರ್ಜೀನಿಯಾದ ಅಕ್ವಿಯಾ ಗಣಿಯ ಮರಳುಗಲ್ಲಿನವು. ಒಳಗೋಡೆಗಳು ಇಟ್ಟಿಗೆಯವು, ನೆಲಗಳು ಮರದ ತೊಲೆಗಳ ಮೇಲೆ. 1814ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಬೆಂಕಿ ಇಟ್ಟಾಗ ಒಳಗಿನದೆಲ್ಲ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿದ್ದಾಯಿತು. ಆಮೇಲೆ ಬಂದವರು ಒಬ್ಬೊಬ್ಬರಾಗಿ ನೀರಿನ ಕೊಳವೆ, ಅನಿಲದ ಕೊಳವೆ, ವಿದ್ಯುತ್ ತಂತಿ ಎಳೆಸಿದರು. ಪ್ರತಿ ಸಲವೂ ಕೆಲಸಗಾರರು ತೊಲೆಗಳನ್ನು ಕೊರೆದು ದಾರಿ ಮಾಡಿಕೊಂಡರು. 1902ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಅವರ ಕಾಲದಲ್ಲಿ ದೊಡ್ಡ ಭೋಜನ ಶಾಲೆಗೆ ಜಾಗ ಸಾಲದೆಂದು ಒಂದು ಮೆಟ್ಟಿಲಸಾಲನ್ನೂ ಭಾರ ಹೊರುವ ಗೋಡೆಯನ್ನೂ ತೆಗೆದು, ಮೇಲಿನ ಮಹಡಿಯ ಭಾರವನ್ನು ಅಟ್ಟದ ಟ್ರಸ್‌ನಿಂದ, ಅಂದರೆ ಅಡ್ಡ ಚೌಕಟ್ಟಿನಿಂದ, ತೂಗುಹಾಕಿದರು. 1927ರಲ್ಲಿ ಅಧ್ಯಕ್ಷ ಕೂಲಿಜ್ ಅವರ ಕಾಲದಲ್ಲಿ ಮರದ ಚಾವಣಿ ಕಿತ್ತು, ಉಕ್ಕಿನ ಚೌಕಟ್ಟಿನ ಮೂರನೇ ಮಹಡಿ ಏರಿಸಿದರು. ಆ ತೂಕವೆಲ್ಲ ಇಳಿದದ್ದು ಜೇಡಿಮಣ್ಣಿನ ಮೇಲೆ ನಿಂತಿದ್ದ ಇಟ್ಟಿಗೆಯ ಒಳಗೋಡೆಗಳ ಮೇಲೆ.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಹಳೆಯ ಬಂಗಲೆಗಳು ಕಣ್ಣೆದುರು ಬರುತ್ತವೆ. ಹವಾನಿಯಂತ್ರಣದ ಕೊಳವೆ ಹಾಯಿಸಲು ತೇಗದ ತೊಲೆಯನ್ನು ಕಾಲುಭಾಗ ಕತ್ತರಿಸಿರುತ್ತಾರೆ. ಕತ್ತರಿಸಿದ ಗುತ್ತಿಗೆದಾರನಿಗೆ ತನಗಿಂತ ಮೊದಲು ಇನ್ನೊಬ್ಬ ಎಲ್ಲಿ ಕೊರೆದಿದ್ದ ಎಂಬುದು ಗೊತ್ತಿರುವುದಿಲ್ಲ, ಏಕೆಂದರೆ ಯಾರೂ ನಕ್ಷೆಯಲ್ಲಿ ಗುರುತು ಹಾಕಿರುವುದಿಲ್ಲ. ಹೊಸದಾಗಿ ಬಂದ ಅಧಿಕಾರಿಗೆ ಬೇಕಾದದ್ದು ಹೊಸ ಸ್ನಾನಗೃಹ, ಹೊಸ ಸಭಾಂಗಣ. ಬಿರುಕು ಬಿಟ್ಟ ಗೋಡೆಗೆ ಅಡ್ಡಲಾಗಿ ನಾವು ತೆಳುಗಾಜಿನ ಪಟ್ಟಿ ಕೂರಿಸಿ, ಪಕ್ಕದಲ್ಲಿ ದಿನಾಂಕ ಬರೆದಿಡುತ್ತೇವೆ. ಗಾಜು ಹಾಗೇ ಇದ್ದರೆ ಬಿರುಕು ಹಳೆಯದು, ನಿಂತುಹೋಗಿದೆ. ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಎಷ್ಟೋ ಕಡೆ ಆ ಪಟ್ಟಿಗಳನ್ನು ನೋಡಿದ್ದೇ ತಡ, ಅಂದ ಕೆಡುತ್ತದೆಂದು ಕಿತ್ತು ಬಣ್ಣ ಬಳಿಸುತ್ತಾರೆ.

ಟ್ರೂಮನ್ ಮುಂದೆ ಎರಡು ದಾರಿಗಳಿದ್ದವು. ಪೂರ್ತಿ ಕೆಡವಿ ಹೊಸದು ಕಟ್ಟುವುದು, ಅಥವಾ ಕಲ್ಲಿನ ಹೊರಗೋಡೆಗಳನ್ನು ಉಳಿಸಿಕೊಂಡು ಒಳಗನ್ನು ಮಾತ್ರ ಹೊಸದಾಗಿ ಕಟ್ಟುವುದು. ತೀರ್ಮಾನವನ್ನು ಅವರೊಬ್ಬರೇ ಮಾಡಲಿಲ್ಲ. 1949ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆಯಿಂದ ಆರು ಸದಸ್ಯರ ಆಯೋಗ ರಚನೆಯಾಯಿತು: ಇಬ್ಬರು ಸೆನೆಟರುಗಳು, ಕೆಳಮನೆಯ ಇಬ್ಬರು, ಜೊತೆಗೆ ಒಬ್ಬ ಸಿವಿಲ್ ಎಂಜಿನಿಯರ್ ಮತ್ತು ಒಬ್ಬ ವಾಸ್ತುಶಿಲ್ಪಿ. ಹಣ ಖಜಾನೆಯಿಂದ ಬಂತು. ಒಟ್ಟು ವೆಚ್ಚ ಸುಮಾರು 57 ಲಕ್ಷ ಡಾಲರ್. ಗೋಡೆಗಳನ್ನು ಉಳಿಸುವ ದಾರಿಯನ್ನೇ ಆಯೋಗ ಆರಿಸಿಕೊಂಡಿತು.

ಆ ಕೆಲಸದ ಕಷ್ಟ ನಮ್ಮಂಥವರಿಗೆ ತಟ್ಟನೆ ಅರ್ಥವಾಗುತ್ತದೆ. ನಿಂತಿರುವ ಗೋಡೆಯ ಕೆಳಗೆ ಹೊಸ ಅಡಿಪಾಯ ಕೂರಿಸಬೇಕು. ಗೋಡೆಯ ಉದ್ದಕ್ಕೂ ಒಂದೇ ಸಲ ಅಗೆದರೆ ಅದು ಕುಸಿಯುತ್ತದೆ. ಆದ್ದರಿಂದ ಒಂದು ಕಡೆ ಇಕ್ಕಟ್ಟಾದ ಗುಂಡಿ ತೋಡಿ, ಗಟ್ಟಿ ನೆಲ ಸಿಕ್ಕ ಮೇಲೆ ಕಾಂಕ್ರೀಟ್ ತುಂಬಿ, ಅದು ಭಾರ ಹೊರುವಷ್ಟು ಗಟ್ಟಿಯಾದ ಬಳಿಕ ದೂರದಲ್ಲಿ ಇನ್ನೊಂದು ಗುಂಡಿ ತೋಡಬೇಕು. ಪಕ್ಕಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ತೆರೆಯುವಂತಿಲ್ಲ. ವಾಷಿಂಗ್ಟನ್‌ನಲ್ಲಿ ಹೀಗೆ ಸುಮಾರು 20 ಅಡಿಗೂ ಹೆಚ್ಚು ಆಳಕ್ಕೆ ಇಳಿದರು. ಒಳಗೆ ಉಕ್ಕಿನ ಹೊಸ ಚೌಕಟ್ಟು ನಿಲ್ಲಿಸಿ, ಹೊಸ ನೆಲಮಾಳಿಗೆಗಳನ್ನು ತೋಡಿದರು. ಬುಲ್ಡೋಜರ್ ಒಳಗೆ ಬರಲು ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆಯುವುದನ್ನು ಟ್ರೂಮನ್ ಒಪ್ಪಲಿಲ್ಲ; ಹಾಗಾಗಿ ಯಂತ್ರವನ್ನೇ ಬಿಡಿಭಾಗಗಳಾಗಿ ಬಿಚ್ಚಿ ಒಳಗೆ ಸಾಗಿಸಿ ಜೋಡಿಸಿದರು. ಆ ನಿರ್ಧಾರಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಆದರೂ ನಷ್ಟ ದೊಡ್ಡದೇ. ಒಳಗಿನ ಮರಗೆಲಸ, ಗಾರೆಯ ಅಲಂಕಾರ ಇವುಗಳಲ್ಲಿ ಬಹುಪಾಲು ಮತ್ತೆ ತನ್ನ ಜಾಗಕ್ಕೆ ಬರಲಿಲ್ಲ. ಕೆಲವು ಹಳೆಯ ತೊಲೆಗಳನ್ನು ಸೀಳಿ ನೆಲಅಂತಸ್ತಿನ ಕೋಣೆಗಳ ಗೋಡೆಹಲಗೆಗಳಾಗಿ ಬಳಸಿದರು. ಇಟ್ಟಿಗೆ, ಮೊಳೆ, ಕಲ್ಲಿನ ಚೂರುಗಳನ್ನು ಸ್ಮರಣಿಕೆಗಳೆಂದು ಮಾರಿದರು. ಎಷ್ಟೋ ಸಾಮಗ್ರಿ ಹಳ್ಳ ತುಂಬಲು ಹೋಯಿತು. ಇಂದಿನ ಸಂರಕ್ಷಣಾ ನಿಯಮಗಳ ಪ್ರಕಾರ ಅದು ಒಪ್ಪತಕ್ಕ ಕೆಲಸವಲ್ಲ. ಆದರೆ ಏನನ್ನು ಕಳೆದುಕೊಂಡೆವು ಎಂದು ಇಂದು ನಿಖರವಾಗಿ ಹೇಳಬಲ್ಲೆವು. ರಾಷ್ಟ್ರೀಯ ಉದ್ಯಾನ ಸೇವೆಯ ಛಾಯಾಗ್ರಾಹಕ ಆಬಿ ರೋ ಹಂತಹಂತವಾಗಿ ಚಿತ್ರ ತೆಗೆದರು. ಆಯೋಗ ವರದಿ ಬರೆಯಿತು.

ಬರೆದಿಡುವುದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಶ್ವೇತಭವನವನ್ನು ಕಟ್ಟಿದವರಲ್ಲಿ ಗುಲಾಮರೂ ಇದ್ದರು ಎಂಬುದು ಇಂದು ನಮಗೆ ತಿಳಿದಿರುವುದು 1790ರ ದಶಕದ ಕೂಲಿಪಟ್ಟಿಗಳು ಉಳಿದುಬಂದದ್ದರಿಂದ. ಪೀಟರ್, ಬೆನ್, ಹ್ಯಾರಿ, ಡೇನಿಯಲ್ ಎಂಬ ಬಡಗಿಗಳ ಹೆಸರು ಅಲ್ಲಿವೆ. ಅವರು ದುಡಿದ ಹಣ ಅವರ ಒಡೆಯರ ಕೈ ಸೇರಿತು. ಹೋಬನ್ ಕೂಡ ಅಂಥ ಒಬ್ಬ ಒಡೆಯ. ನಾಯಕರ ಪರಂಪರೆಯ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುವಾಗ ಈ ನಾಲ್ಕು ಹೆಸರುಗಳೂ ಆ ಪರಂಪರೆಯ ಪಾಲುದಾರರು ಎಂಬುದನ್ನು ನಾನು ಬಿಟ್ಟುಕೊಡಲಾರೆ. ಕಾಗದ ಇರದಿದ್ದರೆ ಮನೆಯಲ್ಲಿ ಉಳಿಯುತ್ತಿದ್ದುದು ಅಧ್ಯಕ್ಷರ ಭಾವಚಿತ್ರಗಳು ಮಾತ್ರ.

ಔತಣ ಭವನದ ಪರ ವಾದಿಸುವವರು ಟ್ರೂಮನ್ ಬಾಲ್ಕನಿಯನ್ನು ಮುಂದಿಡುತ್ತಾರೆ. 1947-48ರಲ್ಲಿ ಟ್ರೂಮನ್ ದಕ್ಷಿಣ ಮುಖದ ಕಂಬಗಳ ಹಿಂದೆ ಒಂದು ಬಾಲ್ಕನಿ ಕಟ್ಟಿಸಿದರು. ರಾಜಧಾನಿಯ ಕಟ್ಟಡಗಳ ವಿನ್ಯಾಸಕ್ಕೆ ಸಲಹೆ ಕೊಡುವ ಲಲಿತಕಲಾ ಆಯೋಗ ಬೇಡವೆಂದಿತು, ಪತ್ರಿಕೆಗಳು ಟೀಕಿಸಿದವು, ಅವರು ಕೇಳಲಿಲ್ಲ. ಈಗ ಆ ಬಾಲ್ಕನಿ ಇಲ್ಲದ ಶ್ವೇತಭವನವನ್ನು ಯಾರೂ ಊಹಿಸಿಕೊಳ್ಳುವುದಿಲ್ಲ. ಅಂದರೆ ಇಂದಿನ ಟೀಕೆಯೂ ನಾಳೆ ಮರೆತುಹೋಗುತ್ತದೆ ಎಂಬುದು ವಾದ. ಇದರಲ್ಲಿ ಎರಡು ದೋಷಗಳಿವೆ. ಉಳಿದುಬಂದ ಬದಲಾವಣೆಗಳನ್ನಷ್ಟೇ ಎಣಿಸಿದರೆ ಎಲ್ಲ ಬದಲಾವಣೆಯೂ ಒಳ್ಳೆಯದೇ ಎನಿಸುತ್ತದೆ. 1902ರಲ್ಲಿ ತೆಗೆದ ಗೋಡೆ, 1927ರಲ್ಲಿ ಏರಿಸಿದ ಮಹಡಿ ಇವೂ ನಾಯಕರ ಗುರುತುಗಳೇ; ಅವುಗಳಿಂದಲೇ ಮನೆ ಬೀಳುವ ಸ್ಥಿತಿಗೆ ಬಂತು. ಇನ್ನೊಂದು, ಬಾಲ್ಕನಿ ಯಾವುದನ್ನೂ ಅಳಿಸಲಿಲ್ಲ. ಕಂಬಗಳು ಇದ್ದಲ್ಲೇ ಇದ್ದವು. ನಾಳೆ ಬೇಡವೆನಿಸಿದರೆ ಅದನ್ನು ಬಿಚ್ಚಬಹುದಿತ್ತು. ಮರಳಿ ಹಿಂದಿನಂತೆ ಮಾಡಲು ಸಾಧ್ಯವೇ ಎಂಬುದು ನಮ್ಮ ಕೆಲಸದಲ್ಲಿ ಮೊದಲ ಪರೀಕ್ಷೆ. ಅಷ್ಟಾದರೂ ಆಯೋಗದ ಮಾತನ್ನು ಟ್ರೂಮನ್ ತಳ್ಳಿಹಾಕಿದ್ದು ತಪ್ಪೇ ಎಂದು ನನ್ನ ಅಭಿಪ್ರಾಯ. ಕಟ್ಟಡ ಚೆನ್ನಾಗಿ ಮೂಡಿಬಂದರೆ ಹಿಡಿದ ದಾರಿಯೂ ಸರಿಯಾಗಿಬಿಡುವುದಿಲ್ಲ.

ಈಸ್ಟ್ ವಿಂಗ್ ಹಳೆಯದೇನಲ್ಲ, ಹೋದರೆ ಹೋಗಲಿ ಎನ್ನುವವರೂ ಇದ್ದಾರೆ. ಕೆಡವುವಾಗ ಅದಕ್ಕಿದ್ದ ರೂಪ 1942ರದು. ಎರಡನೇ ಮಹಾಯುದ್ಧದ ವೇಳೆ ಕೆಳಗಿನ ರಕ್ಷಣಾ ನೆಲಮಾಳಿಗೆಯನ್ನು ಮರೆಮಾಡುವಂತೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಟ್ಟಿಸಿದ್ದು. ಆದರೆ ಕಟ್ಟಡದ ಬೆಲೆಯನ್ನು ವಯಸ್ಸಿನಿಂದ ಮಾತ್ರ ಅಳೆಯುವುದಿಲ್ಲ. ಅಧ್ಯಕ್ಷರ ಪತ್ನಿಯೊಬ್ಬರು ಅಲ್ಲಿ ತಮ್ಮದೇ ಕಚೇರಿ ಇಟ್ಟುಕೊಂಡು ದುಡಿಯತೊಡಗಿದ್ದು 1977ರಲ್ಲಿ, ರೋಸಲಿನ್ ಕಾರ್ಟರ್ ಕಾಲದಿಂದ. ಶ್ವೇತಭವನ ನೋಡಲು ಹೋದ ಸಾಮಾನ್ಯ ಪ್ರವಾಸಿಗರು, ಅವರಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ನಮ್ಮ ಕನ್ನಡದ ಹಿರಿಯರೂ ಸೇರಿ, ಒಳಹೊಕ್ಕಿದ್ದು ಆ ಕಡೆಯಿಂದಲೇ. ಅಧ್ಯಕ್ಷರ ಕಚೇರಿ ಇರುವ ಪಶ್ಚಿಮ ಪಾರ್ಶ್ವ ಅಧಿಕಾರದ್ದಾದರೆ ಪೂರ್ವ ಪಾರ್ಶ್ವ ಜನರು ಬರುವ ಬಾಗಿಲಾಗಿತ್ತು.

ದೊಡ್ಡ ಔತಣಗಳಿಗೆ ಹುಲ್ಲುಹಾಸಿನ ಮೇಲೆ ಡೇರೆ ಹಾಕುವುದು ಕಷ್ಟ ಎಂಬ ಟ್ರಂಪ್ ಅವರ ಮಾತಿನಲ್ಲಿ ಹುರುಳಿದೆ. ಆ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಕೆಡವುವ ಮುನ್ನ ಡಿಜಿಟಲ್ ಸ್ಕ್ಯಾನ್, ಛಾಯಾಚಿತ್ರ ಮಾಡಿ, ವಸ್ತುಗಳನ್ನು ತೆಗೆದಿರಿಸಲಾಗಿದೆ ಎಂದು ಶ್ವೇತಭವನ ಇತಿಹಾಸ ಸಂಘ ತಿಳಿಸಿದೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ಎಡವಿದ್ದು ಕ್ರಮದಲ್ಲಿ. ಹೊಸ ಭವನ ಇರುವ ಕಟ್ಟಡವನ್ನು ಮುಟ್ಟುವುದಿಲ್ಲ ಎಂದು ಜುಲೈನಲ್ಲಿ ಟ್ರಂಪ್ ಹೇಳಿದ್ದರು. ಅಕ್ಟೋಬರಿನಲ್ಲಿ ಅದೇ ಕಟ್ಟಡ ಉರುಳಿತು. ಆಗ ರಾಜಧಾನಿಯ ಸರ್ಕಾರಿ ಕಟ್ಟಡಗಳ ಯೋಜನೆ ಪರಿಶೀಲಿಸುವ ರಾಜಧಾನಿ ಯೋಜನಾ ಆಯೋಗದ ಮುಂದೆ ನಕ್ಷೆಯೇ ಇರಲಿಲ್ಲ. ಕಟ್ಟುವುದಕ್ಕಷ್ಟೇ ತಮ್ಮ ಅನುಮತಿ ಬೇಕು, ಕೆಡವುವುದಕ್ಕೆ ಬೇಡ ಎಂಬುದು ಆ ಆಯೋಗದ ಅಧ್ಯಕ್ಷರ ನಿಲುವು. ಅಕ್ಟೋಬರ್ ಕೊನೆಯಲ್ಲಿ ಲಲಿತಕಲಾ ಆಯೋಗದ ಸದಸ್ಯರನ್ನೂ ವಜಾ ಮಾಡಲಾಯಿತು. ಜುಲೈನಲ್ಲಿ 20 ಕೋಟಿ ಡಾಲರ್ ಎಂದಿದ್ದ ವೆಚ್ಚ 30 ಕೋಟಿಗೆ, ಡಿಸೆಂಬರಿನ ಹೊತ್ತಿಗೆ 40 ಕೋಟಿಗೆ ಏರಿತು. ಅದೇ ತಿಂಗಳು ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ ನ್ಯಾಯಾಲಯದ ಮೆಟ್ಟಿಲೇರಿತು.

ಕೆಡವುವುದು ಬೇರೆ, ಕಟ್ಟುವುದು ಬೇರೆ ಎಂಬ ವಾದ ನಮ್ಮಲ್ಲೂ ಕೇಳಿಬರುತ್ತದೆ. ಹಳೆಯ ಕಟ್ಟಡ ರಾತ್ರೋರಾತ್ರಿ ಉರುಳಿದ ಮೇಲೆ ಪರಿಶೀಲಿಸಲು ಉಳಿಯುವುದೇನು? ಖಾಲಿ ನೆಲದ ಮುಂದೆ ಕೂತ ಸಮಿತಿಗೆ ಹೊಸ ಕಟ್ಟಡದ ಎತ್ತರ, ಬಣ್ಣ, ಕಿಟಕಿಗಳ ಬಗ್ಗೆ ಮಾತ್ರ ಮಾತಾಡಲು ಸಾಧ್ಯ. ಉಳಿಸಬಹುದಿತ್ತೇ ಎಂಬ ಪ್ರಶ್ನೆಯನ್ನು ಯಂತ್ರ ಆಗಲೇ ಮುಗಿಸಿಬಿಟ್ಟಿರುತ್ತದೆ. ಹಣದ ಮೂಲವೂ ಹಗುರವಾದ ವಿಷಯವಲ್ಲ. ಔತಣ ಭವನಕ್ಕೆ ತೆರಿಗೆದಾರರ ಹಣ ಬೇಕಿಲ್ಲ, ದಾನಿಗಳು ಕೊಡುತ್ತಾರೆ ಎಂಬ ಟ್ರಂಪ್ ಅವರ ಮಾತು ಕೇಳಲು ಹಿತವಾಗಿದೆ. ಆದರೆ ಹಣ ಖಜಾನೆಯಿಂದ ಬಂದರೆ ಕಾಂಗ್ರೆಸ್ ಪ್ರಶ್ನೆ ಕೇಳುತ್ತದೆ, ವರದಿ ಬೇಡುತ್ತದೆ. ಟ್ರೂಮನ್ ಕಾಲದ ಆಯೋಗಕ್ಕೆ ಹಲ್ಲು ಬಂದದ್ದು ಆ ಕಾರಣದಿಂದ.

1961ರಲ್ಲಿ ಆಗಿನ ಅಧ್ಯಕ್ಷರ ಪತ್ನಿ ಜಾಕ್ವೆಲಿನ್ ಕೆನಡಿ ಅವರ ಪ್ರಯತ್ನದ ಹಿನ್ನೆಲೆಯಲ್ಲಿ ಬಂದ ಕಾನೂನು ಶ್ವೇತಭವನದ ಐತಿಹಾಸಿಕ ಪೀಠೋಪಕರಣ, ಚಿತ್ರಗಳಿಗೆ ರಕ್ಷಣೆ ಕೊಟ್ಟಿತು. ಅವುಗಳನ್ನು ಯಾವ ಅಧ್ಯಕ್ಷರೂ ಮನಬಂದಂತೆ ವಿಲೇವಾರಿ ಮಾಡುವಂತಿಲ್ಲ. ಕುರ್ಚಿಗೆ ಇರುವ ಆ ರಕ್ಷಣೆ ಗೋಡೆಗೆ ಇಲ್ಲ. 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ಕಲಮು ಒಕ್ಕೂಟ ಸರ್ಕಾರದ ಸಂಸ್ಥೆಗಳು ಪಾರಂಪರಿಕ ಕಟ್ಟಡವನ್ನು ಮುಟ್ಟುವ ಮೊದಲು ಪರಿಣಾಮ ಪರಿಶೀಲಿಸಬೇಕೆಂದು ಹೇಳುತ್ತದೆ. 107ನೇ ಕಲಮು ಶ್ವೇತಭವನ, ಸುಪ್ರೀಂ ಕೋರ್ಟ್, ಸಂಸತ್ ಭವನ ಮೂರಕ್ಕೂ ವಿನಾಯಿತಿ ಕೊಡುತ್ತದೆ. ಇಷ್ಟು ವರ್ಷ ಅಧ್ಯಕ್ಷರು ನಕ್ಷೆಗಳನ್ನು ಆಯೋಗಗಳ ಮುಂದಿಡುತ್ತಿದ್ದುದು ಬಹುಮಟ್ಟಿಗೆ ರೂಢಿಯ ಬಲದಿಂದ. ರೂಢಿ ಎಷ್ಟು ಬೇಗ ಮುರಿಯುತ್ತದೆ ಎಂಬುದು ಈಗ ಕಂಡಾಗಿದೆ. ಆ ವಿನಾಯಿತಿಯನ್ನು ತೆಗೆದುಹಾಕುವ ತಿದ್ದುಪಡಿ ಆಗಬೇಕು. ಕೆಡವುವುದಕ್ಕೂ ಕಟ್ಟುವುದಕ್ಕೂ ಒಂದೇ ಅರ್ಜಿ, ಒಂದೇ ವಿಚಾರಣೆ ಎಂಬ ನಿಯಮ ಅದರಲ್ಲಿ ಸೇರಬೇಕು. ಯುದ್ಧ ಅಥವಾ ಭದ್ರತೆಯ ತುರ್ತಿಗೆ ಪ್ರತ್ಯೇಕ ಉಪಕಲಮು ಬೇಕಾದರೆ ಬರೆದುಕೊಳ್ಳಲಿ. ಔತಣ ಕೂಟ ಅದರಡಿ ಬರುವುದಿಲ್ಲ.